ಕಲಬುರ್ಗಿ ಮತ್ತು ಗೌರಿ ಲಂಕೇಶ್ ಹತ್ಯೆ ತನಿಖೆಗಳಲ್ಲಿ ಬಂದೂಕಿನ ಸಾಕ್ಷ್ಯ

ಸಂಶೋಧಕ ಎಂ. ಎಂ. ಕಲಬುರ್ಗಿ (ಧಾರವಾಡ, 2015) ಮತ್ತು ಪತ್ರಕರ್ತೆ ಗೌರಿ ಲಂಕೇಶ್ (ಬೆಂಗಳೂರು, 2017) ಇಬ್ಬರನ್ನೂ ಅವರವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ. ವ್ಯಾಸದ ನಾಡಪಿಸ್ತೂಲು. ಒಂದೇ ಪಿಸ್ತೂಲು ಎರಡೂ ಕೊಲೆಗೆ ಬಳಕೆಯಾಗಿದೆ ಎಂಬುದು ಕರ್ನಾಟಕದ ವಿಶೇಷ ತನಿಖಾ ತಂಡದ (ಎಸ್‌ಐಟಿ) ನಿಲುವು. ಮಹಾರಾಷ್ಟ್ರದಲ್ಲಿ ನಡೆದ ನರೇಂದ್ರ ದಾಭೋಲ್ಕರ್ (ಪುಣೆ, 2013) ಮತ್ತು ಗೋವಿಂದ ಪಾನ್ಸರೆ (ಕೊಲ್ಹಾಪುರ, 2015) ಹತ್ಯೆಗಳೊಂದಿಗೂ ಇವಕ್ಕೆ ನಂಟು ಕಲ್ಪಿಸಿದ್ದು ಮೊದಲಿಗೆ ಗುಂಡು ಮತ್ತು ಖಾಲಿ ತೋಟಾಗಳ ಹೋಲಿಕೆಯೇ. ಆದರೆ ಕರ್ನಾಟಕದ ಎರಡು ಕೊಲೆಗಳಿಗೆ ಬಳಸಿದ್ದೆನ್ನಲಾದ ಪಿಸ್ತೂಲು ತನಿಖಾಧಿಕಾರಿಗಳ ಕೈಗೆ ಸಿಗಲಿಲ್ಲ. ಪ್ರಯೋಗಾಲಯಗಳ ಅಭಿಪ್ರಾಯಗಳ ನಡುವೆ ಹೊಂದಾಣಿಕೆ ಇಲ್ಲವೆಂಬ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದೆಯೂ ಬಂತು. ಆಯುಧವಿಲ್ಲದ ಹೋಲಿಕೆ ಒಂದು ಅಪರಾಧವನ್ನು ಇನ್ನೊಂದು ಅಪರಾಧಕ್ಕೆ ಜೋಡಿಸಬಲ್ಲದು. ಅಪರಾಧವನ್ನು ವ್ಯಕ್ತಿಗೆ ಜೋಡಿಸಲು ಬೇರೆ ಸಾಕ್ಷ್ಯ ಬೇಕು. ಈ ಪ್ರಕರಣಗಳಲ್ಲಿ ಬಂದೂಕಿನ ಸಾಕ್ಷ್ಯದ ಸುತ್ತ ಹುಟ್ಟಿದ ವಾದಗಳ ಮೂಲ ಈ ಅಂತರದಲ್ಲಿದೆ.

ನಾಲ್ಕು ಹತ್ಯೆಗಳು

ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಸ್ಥಾಪಕ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ, ವಾಯುವಿಹಾರದ ಹೊತ್ತಿನಲ್ಲಿ, ಪುಣೆಯ ಓಂಕಾರೇಶ್ವರ ದೇವಾಲಯದ ಬಳಿಯ ಸೇತುವೆಯ ಮೇಲೆ ಕೊಲ್ಲಲಾಯಿತು. ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ ಮತ್ತು ಪತ್ನಿ ಉಮಾ ಅವರ ಮೇಲೆ 2015ರ ಫೆಬ್ರುವರಿ 16ರಂದು ಕೊಲ್ಹಾಪುರದಲ್ಲಿ ಗುಂಡು ಹಾರಿತು. ಪಾನ್ಸರೆ ಫೆಬ್ರುವರಿ 20ರಂದು ತೀರಿಕೊಂಡರು, ಉಮಾ ಬದುಕುಳಿದರು.

ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ವಚನ ಸಾಹಿತ್ಯ ಮತ್ತು ಶಾಸನಗಳ ವಿದ್ವಾಂಸ ಎಂ. ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಕೊಲ್ಲಲಾಯಿತು. ಬೈಕಿನಲ್ಲಿ ಬಂದ ಇಬ್ಬರಲ್ಲಿ ಒಬ್ಬ ಬಾಗಿಲು ತಟ್ಟಿ ಹತ್ತಿರದಿಂದ ಗುಂಡು ಹಾರಿಸಿದ. ಎರಡು ವರ್ಷಗಳ ನಂತರ, 2017ರ ಸೆಪ್ಟೆಂಬರ್ 5ರ ರಾತ್ರಿ ಎಂಟರ ಸುಮಾರಿಗೆ, 'ಗೌರಿ ಲಂಕೇಶ್ ಪತ್ರಿಕೆ'ಯ ಸಂಪಾದಕಿ ಗೌರಿ ಲಂಕೇಶ್ ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯ ಗೇಟಿನ ಬಳಿ ಇದ್ದಾಗ ಹೆಲ್ಮೆಟ್ ತೊಟ್ಟವನೊಬ್ಬ ನಾಲ್ಕು ಗುಂಡು ಹಾರಿಸಿದ. ಮೂರು ತಗುಲಿದವು.

ನಾಲ್ಕೂ ಕಡೆ ಬೈಕು, ತೀರಾ ಹತ್ತಿರದ ಗುರಿ, ಕ್ಷಣಾರ್ಧದ ಕೆಲಸ. ನಾಲ್ಕೂ ಕಡೆ 7.65 ಮಿ.ಮೀ. ಗುಂಡು. ಕೊಂದ ರೀತಿಯಲ್ಲಿ ಸಾಮ್ಯವಿದ್ದರೆ ಅದು ಅನುಮಾನಕ್ಕೆ ಕಾರಣವಾದೀತು, ಪುರಾವೆಯಾಗದು. ಪುರಾವೆ ಬೇಕಿದ್ದರೆ ಲೋಹದ ಮೇಲಿನ ಗೀರುಗಳನ್ನು ಓದಬೇಕಿತ್ತು.

7.65 ಮಿ.ಮೀ. ಪಿಸ್ತೂಲು

7.65 ಮಿ.ಮೀ. ತೋಟಾ ಅಮೆರಿಕದ ಜಾನ್ ಬ್ರೌನಿಂಗ್‌ನ ವಿನ್ಯಾಸ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಪಿಸ್ತೂಲಿನೊಂದಿಗೆ ಅದು ಬಳಕೆಗೆ ಬಂತು. ಇಂಚಿನ ಲೆಕ್ಕದಲ್ಲಿ ಇದನ್ನು ಪಾಯಿಂಟ್ 32 ಎನ್ನುತ್ತಾರೆ. ಗುಂಡಿನ ತೂಕ ಸುಮಾರು 4.6 ಗ್ರಾಂ. ಭಾರತದಲ್ಲಿ 9 ಮಿ.ಮೀ. ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಆದರೆ ಪಾಯಿಂಟ್ 32 ಪರವಾನಗಿಯ ಮೇಲೆ ಸಿಗುತ್ತದೆ. ಅದಕ್ಕೆ ಬೇಕಾದ ತೋಟಾಗಳು ಪುಣೆ ಬಳಿಯ ಖಡಕಿಯ ಸರ್ಕಾರಿ ಕಾರ್ಖಾನೆಯಲ್ಲೇ ತಯಾರಾಗುತ್ತವೆ. ತೋಟಾ ಸಿಗುವ ಅಳತೆಗೇ ಕಳ್ಳ ತಯಾರಕರು ಪಿಸ್ತೂಲು ಮಾಡುತ್ತಾರೆ. ಬಿಹಾರದ ಮುಂಗೇರ್ ಮತ್ತು ಮಧ್ಯಪ್ರದೇಶದ ಕೆಲವು ಜಿಲ್ಲೆಗಳು ಈ ದಂಧೆಗೆ ಹೆಸರಾಗಿವೆ. ಹಾಗಾಗಿ ಎರಡು ಕಡೆ 7.65 ತೋಟಾ ಸಿಕ್ಕಿತೆಂದ ಮಾತ್ರಕ್ಕೆ ಏನನ್ನೂ ಹೇಳಿದಂತಾಗುವುದಿಲ್ಲ. ದೇಶದ ಕಳ್ಳ ಪಿಸ್ತೂಲುಗಳಲ್ಲಿ ದೊಡ್ಡ ಪಾಲು ಇದೇ ಅಳತೆಯದು.

ಸ್ವಯಂಚಾಲಿತ ಪಿಸ್ತೂಲು ಗುಂಡು ಹಾರಿದ ಮರುಕ್ಷಣವೇ ಖಾಲಿ ತೋಟಾವನ್ನು ಹೊರಕ್ಕೆ ಎಸೆಯುತ್ತದೆ. ರಿವಾಲ್ವರ್‌ನಲ್ಲಿ ಖಾಲಿ ತೋಟಾ ಒಳಗೇ ಉಳಿದು ಕೊಲೆಗಾರನೊಂದಿಗೆ ಹೋಗುತ್ತದೆ. ಈ ನಾಲ್ಕು ಪ್ರಕರಣಗಳಲ್ಲಿ ಹೋಲಿಕೆಗೆ ಅವಕಾಶವಾದದ್ದು ಕೊಲೆಗಾರರು ಪಿಸ್ತೂಲು ಬಳಸಿ, ಬಿದ್ದ ತೋಟಾಗಳನ್ನು ಹೆಕ್ಕದೆ ಓಡಿದ್ದರಿಂದ.

ಹೋಲಿಕೆಯ ವಿಧಾನ

ಗುಂಡು ನಳಿಕೆಯ ಮೂಲಕ ಹಾಯುವಾಗ ಒಳಗೋಡೆಯ ಸುರುಳಿ ಕೊರಕಲುಗಳ ಗುರುತು ಅದರ ಮೈಮೇಲೆ ಮೂಡುತ್ತದೆ. ಕೊರಕಲುಗಳ ಸಂಖ್ಯೆ, ಅಗಲ, ಎಡಕ್ಕೋ ಬಲಕ್ಕೋ ಸುತ್ತುವ ದಿಕ್ಕು, ಇವು ಒಂದು ಮಾದರಿಯ ಎಲ್ಲ ಪಿಸ್ತೂಲುಗಳಿಗೂ ಸಮಾನ. ಇವನ್ನು ವರ್ಗ ಲಕ್ಷಣ ಎನ್ನುತ್ತಾರೆ. ನಳಿಕೆ ಕೊರೆದ ಉಪಕರಣದ ಸವಕಲು, ತುಕ್ಕು, ಬಳಕೆಯ ಗಾಯಗಳಿಂದ ಆಗುವ ಸೂಕ್ಷ್ಮ ಗೀರುಗಳು ಆಯಾ ಪಿಸ್ತೂಲಿಗೇ ಸೇರಿದವು. ಇವು ವೈಯಕ್ತಿಕ ಲಕ್ಷಣಗಳು.

ಖಾಲಿ ತೋಟಾ ಇನ್ನೂ ಹೆಚ್ಚು ಗುರುತುಗಳನ್ನು ಹೊತ್ತಿರುತ್ತದೆ. ತಳದ ನಡುವೆ ಫೈರಿಂಗ್ ಪಿನ್ನಿನ ಕುಳಿ, ಅದರ ಸುತ್ತ ಪಿಸ್ತೂಲಿನ ಹಿಂಗೋಡೆಗೆ ಅಪ್ಪಳಿಸಿದ ಅಚ್ಚು, ಅಂಚಿನಲ್ಲಿ ತೋಟಾವನ್ನು ಎಳೆದು ಎಸೆದ ಕೊಕ್ಕೆಗಳ ಗೀರು. ಗುಂಡು ಮೂಳೆಗೋ ಗೋಡೆಗೋ ಬಡಿದು ವಿರೂಪಗೊಳ್ಳಬಹುದು, ತೋಟಾ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ಎರಡು ವಸ್ತುಗಳನ್ನು ಒಂದೇ ನೋಟದಲ್ಲಿ ಅಕ್ಕಪಕ್ಕ ತೋರಿಸುವ ಹೋಲಿಕೆ ಸೂಕ್ಷ್ಮದರ್ಶಕ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಲ್ವಿನ್ ಗೊಡಾರ್ಡ್ ಮತ್ತು ಅವರ ಸಂಗಡಿಗರ ಕೈಯಲ್ಲಿ ಈ ಕೆಲಸಕ್ಕೆ ಒಗ್ಗಿತು. ಇಂದಿಗೂ ವಿಧಾನದ ತಿರುಳು ಅದೇ. ಪಿಸ್ತೂಲು ಸಿಕ್ಕಿದ್ದರೆ ತಜ್ಞರು ಅದರಿಂದ ನೀರಿನ ತೊಟ್ಟಿಗೋ ಹತ್ತಿ ತುಂಬಿದ ಪೆಟ್ಟಿಗೆಗೋ ಪರೀಕ್ಷಾರ್ಥ ಗುಂಡು ಹಾರಿಸಿ, ಆ ಗುಂಡನ್ನು ಸ್ಥಳದಲ್ಲಿ ಸಿಕ್ಕ ಗುಂಡಿನೊಂದಿಗೆ ಹೋಲಿಸುತ್ತಾರೆ. ಒಂದೇ ಪಿಸ್ತೂಲಿನಿಂದ ಹಲವು ಸಲ ಹಾರಿಸಿ ಯಾವ ಗೀರು ಪ್ರತಿ ಸಲವೂ ಮೂಡುತ್ತದೆ, ಯಾವುದು ಆಕಸ್ಮಿಕ ಎಂದು ಬೇರ್ಪಡಿಸಬಹುದು. ಪಿಸ್ತೂಲು ಇಲ್ಲದಿದ್ದರೆ ಈ ಹಂತವೇ ಇಲ್ಲ. ಧಾರವಾಡದ ತೋಟಾವನ್ನು ಬೆಂಗಳೂರಿನ ತೋಟಾದ ಎದುರಿಗಿಟ್ಟು ನೋಡುವುದಷ್ಟೇ ಉಳಿಯುತ್ತದೆ.

ನಾಡಪಿಸ್ತೂಲು ಈ ಕೆಲಸವನ್ನು ಸುಲಭವೂ ಮಾಡುತ್ತದೆ, ಕಷ್ಟವೂ ಮಾಡುತ್ತದೆ. ಕೈಕೆಲಸದ ಒರಟುತನದಿಂದ ಪ್ರತಿ ಪಿಸ್ತೂಲಿನ ಗುರುತು ಎದ್ದು ಕಾಣುವಂತಿರುತ್ತದೆ. ಆದರೆ ನಳಿಕೆ ಸಡಿಲವಾಗಿದ್ದರೆ ಒಂದೇ ಪಿಸ್ತೂಲಿನ ಎರಡು ಗುಂಡುಗಳು ಬೇರೆ ಬೇರೆಯಾಗಿ ಕಾಣಬಹುದು. ಒಬ್ಬನೇ ಕುಶಲಕರ್ಮಿ ಅದೇ ಉಪಕರಣದಿಂದ ಒಂದರ ಹಿಂದೊಂದು ಮಾಡಿದ ಎರಡು ಪಿಸ್ತೂಲುಗಳಲ್ಲಿ ಕೆಲವು ಗೀರುಗಳು ಸಮಾನವಾಗಿರಲೂಬಹುದು. ಉಪವರ್ಗ ಲಕ್ಷಣ ಎನ್ನುವ ಇದನ್ನು ವೈಯಕ್ತಿಕ ಲಕ್ಷಣವೆಂದು ತಪ್ಪಾಗಿ ಓದಿದರೆ ಎರಡು ಆಯುಧ ಒಂದಾಗಿಬಿಡುತ್ತವೆ. ಇನ್ನೊಂದು ತೊಡಕೂ ಇದೆ. ಗುಂಡಿನ ಮೇಲಿನ ಗೀರು ನಳಿಕೆಯದು, ತೋಟಾದ ಮೇಲಿನ ಅಚ್ಚು ಪಿಸ್ತೂಲಿನ ಹಿಂಭಾಗದ್ದು. ನಳಿಕೆ ಬದಲಾಯಿಸಿದರೆ ತೋಟಾಗಳು ಒಂದೇ ಆಯುಧವೆನ್ನುತ್ತವೆ, ಗುಂಡುಗಳು ಬೇರೆಯೆನ್ನುತ್ತವೆ.

ಪ್ರಯೋಗಾಲಯಗಳ ಅಭಿಪ್ರಾಯ

ಕಲಬುರ್ಗಿ ಹತ್ಯೆಯ ತನಿಖೆ ಮೊದಲು ಕರ್ನಾಟಕ ಸಿಐಡಿಯ ಕೈಯಲ್ಲಿತ್ತು. ಧಾರವಾಡದಲ್ಲಿ ಸಿಕ್ಕ ಗುಂಡು–ತೋಟಾಗಳನ್ನು ಪಾನ್ಸರೆ ಪ್ರಕರಣದವುಗಳೊಂದಿಗೆ ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಲಾಯಿತು. ಅಲ್ಲಿಂದ ಮೂಡಿದ ಚಿತ್ರ ಹೀಗಿತ್ತು: ಪಾನ್ಸರೆ ದಂಪತಿಯ ಮೇಲೆ ಎರಡು ಪಿಸ್ತೂಲುಗಳಿಂದ ಗುಂಡು ಹಾರಿದೆ, ಅವುಗಳಲ್ಲಿ ಒಂದು ಕಲಬುರ್ಗಿ ಅವರನ್ನು ಕೊಂದ ಪಿಸ್ತೂಲು, ಇನ್ನೊಂದು ದಾಭೋಲ್ಕರ್ ಅವರನ್ನು ಕೊಂದದ್ದು. ಅಂದರೆ ಕೊಲ್ಹಾಪುರ ನಡುವಿನ ಕೊಂಡಿ. ಪುಣೆ ಮತ್ತು ಧಾರವಾಡದ ಕೊಲೆಗಳಿಗೆ ನೇರ ನಂಟಿಲ್ಲದಿದ್ದರೂ ಅದರ ಮೂಲಕ ಎರಡೂ ಸೇರುತ್ತವೆ.

ಮಹಾರಾಷ್ಟ್ರದಲ್ಲಿ ಸಾಮಗ್ರಿಯನ್ನು ಪರೀಕ್ಷಿಸಿದ್ದು ಮುಂಬೈನ ಕಲೀನಾ ಪ್ರಯೋಗಾಲಯ. ಎರಡು ಪ್ರಯೋಗಾಲಯಗಳ ಅಭಿಪ್ರಾಯ ಒಂದಕ್ಕೊಂದು ಕೂಡಿ ಬರುತ್ತಿಲ್ಲವೆಂದು, ದಾಭೋಲ್ಕರ್ ಪ್ರಕರಣದ ಹೊಣೆ ಹೊತ್ತಿದ್ದ ಸಿಬಿಐ ಮೂರನೆಯ ಅಭಿಪ್ರಾಯಕ್ಕಾಗಿ ಸಾಮಗ್ರಿಯನ್ನು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಕಳಿಸುವುದಾಗಿ 2016ರಲ್ಲಿ ಬಾಂಬೆ ಹೈಕೋರ್ಟಿಗೆ ತಿಳಿಸಿತು. ತಿಂಗಳುಗಳು ಉರುಳಿದರೂ ಉತ್ತರ ಬರಲಿಲ್ಲ, ನ್ಯಾಯಾಲಯ ವಿಳಂಬದ ಬಗ್ಗೆ ಅಸಮಾಧಾನ ತೋರಿತು. ಇಂಥ ನೆರವಿಗೆ ಉಭಯ ದೇಶಗಳ ನಡುವೆ ಸೂಕ್ತ ಕಾನೂನು ವ್ಯವಸ್ಥೆ ಇಲ್ಲವೆಂಬ ಕಾರಣದಿಂದ ಆ ದಾರಿ ಮುಚ್ಚಿತು. ಬಳಿಕ ಸಿಬಿಐ ಗುಜರಾತಿನ ಗಾಂಧಿನಗರದ ವಿಧಿವಿಜ್ಞಾನ ನಿರ್ದೇಶನಾಲಯದ ಮೊರೆ ಹೋಯಿತು.

ಈ ಓಡಾಟಕ್ಕೆ ಬೆಲೆ ತೆರಬೇಕಾಯಿತು. ತೋಟಾಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಷ್ಟೂ ವಿಚಾರಣೆ ಮುಂದಕ್ಕೆ ಹೋಯಿತು. ಪ್ರತಿ ಸಲ ಲಕೋಟೆ ತೆರೆದು ಮತ್ತೆ ಮೊಹರು ಹಾಕುವುದು ಪಾಟೀಸವಾಲಿಗೆ ಹೊಸದೊಂದು ಪ್ರಶ್ನೆ. ಸ್ಥಳದ ಮಹಜರಿನಲ್ಲಿ ಬರೆದ ತೋಟಾವೇ ಸೂಕ್ಷ್ಮದರ್ಶಕದ ಕೆಳಗೆ ಇದ್ದದ್ದು ಎಂದು ತೋರಿಸಲು ನಡುವಿನ ಒಂದೊಂದು ಕೈಯನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ.

ಗೌರಿ ಹತ್ಯೆಯಾದಾಗ ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಲಬುರ್ಗಿ ಪ್ರಕರಣದ ಸಾಮಗ್ರಿ ಮೊದಲೇ ಇತ್ತು. ಎರಡರ ನಡುವೆ ಹೋಲಿಕೆ ಇದೆಯೆಂಬ ಸುದ್ದಿ ಕೆಲವೇ ದಿನಗಳಲ್ಲಿ, ಶೇಕಡಾ ಲೆಕ್ಕದಲ್ಲೂ, ಪತ್ರಿಕೆಗಳಲ್ಲಿ ಬಂತು. ಗೀರುಗಳ ಹೋಲಿಕೆಯಲ್ಲಿ ಇಂಥ ಶೇಕಡಾ ಅಂಕಿಗೆ ಸರ್ವಸಮ್ಮತ ಅಳತೆಗೋಲಿಲ್ಲ. ತಜ್ಞರು ಹೇಳುವುದು ಮೂರೇ ಮಾತು: ಒಂದೇ ಆಯುಧದ್ದು, ಅಲ್ಲ, ಅಥವಾ ತೀರ್ಮಾನಕ್ಕೆ ಬರಲಾಗದು. ಅಧಿಕೃತ ಅಭಿಪ್ರಾಯ ನ್ಯಾಯಾಲಯದ ಕಡತ ಸೇರಿದ್ದು 2018ರ ನಡುವಿನಲ್ಲಿ. ಕಲಬುರ್ಗಿ ಮತ್ತು ಗೌರಿ ಇಬ್ಬರ ಮೇಲೂ ಒಂದೇ 7.65 ಮಿ.ಮೀ. ನಾಡಪಿಸ್ತೂಲಿನಿಂದ ಗುಂಡು ಹಾರಿದೆ ಎಂದು ಅದು ಹೇಳಿತು.

ಈ ಹೋಲಿಕೆಗೆ ಆಡಳಿತದ ಮಟ್ಟದಲ್ಲಿ ದೊಡ್ಡ ಪರಿಣಾಮವಾಯಿತು. ಸೂಕ್ತ ತನಿಖೆ ನಡೆಯುತ್ತಿಲ್ಲವೆಂದು ಕಲಬುರ್ಗಿಯವರ ಪತ್ನಿ ಉಮಾದೇವಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಎರಡು ಪ್ರಕರಣಗಳಿಗೆ ನಂಟಿದೆಯೆಂಬ ನೆಲೆಯಲ್ಲಿ 2019ರ ಫೆಬ್ರುವರಿ 26ರಂದು ಸುಪ್ರೀಂ ಕೋರ್ಟು ಕಲಬುರ್ಗಿ ತನಿಖೆಯನ್ನು ಗೌರಿ ಪ್ರಕರಣದ ಎಸ್‌ಐಟಿಗೆ ಒಪ್ಪಿಸಿ, ಮೇಲ್ವಿಚಾರಣೆಯನ್ನು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೆ ವಹಿಸಿತು. ಮೂರೂವರೆ ವರ್ಷ ನಿಂತಿದ್ದ ತನಿಖೆಯಲ್ಲಿ ಅದೇ ಆಗಸ್ಟಿನಲ್ಲಿ ಆರು ಮಂದಿಯ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು.

ಮೊದಲ ಹೋಲಿಕೆ ಎಡವಿದ ಬಗೆ

ಹೋಲಿಕೆಯನ್ನು ಅವಸರದಲ್ಲಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ದಾಭೋಲ್ಕರ್ ತನಿಖೆಯ ಮೊದಲ ಹಂತವೇ ಉದಾಹರಣೆ. ಕೊಲೆ ನಡೆದ ದಿನವೇ ಮುಂಬೈ ಸಮೀಪದ ಠಾಣೆ ಪ್ರದೇಶದಲ್ಲಿ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದ ಇಬ್ಬರು ಶಸ್ತ್ರ ವ್ಯಾಪಾರಿಗಳಿಂದ ಪಿಸ್ತೂಲು ವಶವಾಗಿತ್ತು. ಅದು ಪುಣೆಯ ತೋಟಾಗಳಿಗೆ ಹೊಂದುತ್ತದೆ ಎಂಬ ಪ್ರಯೋಗಾಲಯದ ಅಭಿಪ್ರಾಯ ಆಧರಿಸಿ 2014ರ ಜನವರಿಯಲ್ಲಿ ಅವರನ್ನು ಕೊಲೆ ಪ್ರಕರಣದಲ್ಲಿ ಬಂಧಿಸಲಾಯಿತು. ನಿಗದಿತ ಅವಧಿಯಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗದೆ ಅವರು ಜಾಮೀನಿನ ಮೇಲೆ ಹೊರಬಂದರು. ಮುಂದೆ ಸಿಬಿಐ ಕಟ್ಟಿದ ಪ್ರಕರಣದಲ್ಲಿ ಅವರಿಗೆ ಜಾಗವಿರಲಿಲ್ಲ. ಸಿಬಿಐ ಕೂಡ 2016ರಲ್ಲಿ ಗುಂಡು ಹಾರಿಸಿದವರೆಂದು ಇಬ್ಬರನ್ನು ಹೆಸರಿಸಿ, 2018ರಲ್ಲಿ ಬೇರೆ ಇಬ್ಬರನ್ನು ಬಂಧಿಸಿತು. ಪ್ರತಿವಾದಿಗಳ ವಕೀಲರು ಈ ಬದಲಾವಣೆಗಳನ್ನೇ ಮುಖ್ಯ ಅಸ್ತ್ರ ಮಾಡಿಕೊಂಡರು.

ಖಾರಿಯಲ್ಲಿ ಪಿಸ್ತೂಲಿನ ಹುಡುಕಾಟ

ಗೌರಿ ಪ್ರಕರಣದಲ್ಲಿ ಬಂಧನಗಳು ಶುರುವಾದ ಮೇಲೆ, 2018ರ ಜುಲೈನಲ್ಲಿ, ಕೊಲೆಗಳಿಗೆ ಬಳಸಿದ ಪಿಸ್ತೂಲುಗಳನ್ನು ಬಿಚ್ಚಿ ಬಿಡಿಭಾಗಗಳನ್ನು ಮುಂಬೈ ಸಮೀಪದ ಖಾರಿಯೊಂದಕ್ಕೆ ಸೇತುವೆಯ ಮೇಲಿಂದ ಎಸೆಯಲಾಯಿತು ಎಂಬುದು ತನಿಖಾ ಸಂಸ್ಥೆಗಳ ವಾದ. ಉಬ್ಬರವಿಳಿತ, ಕೆಸರು, ಉಪ್ಪುನೀರು ಮೂರೂ ಇರುವ ಜಾಗ ಅದು. ದಾಭೋಲ್ಕರ್ ಪ್ರಕರಣದ ತನಿಖೆಯಲ್ಲಿ ಸಿಬಿಐ ವಿದೇಶಿ ಮುಳುಗು ತಜ್ಞರ ನೆರವಿನಿಂದ ಠಾಣೆ ಬಳಿಯ ಖಾರಿಯ ತಳವನ್ನು ಜಾಲಾಡಿಸಿ, 2020ರ ಮಾರ್ಚ್ ಹೊತ್ತಿಗೆ ಒಂದು ಪಿಸ್ತೂಲು ಮೇಲೆತ್ತಿಸಿತು.

ಇಂಥ ಪಿಸ್ತೂಲಿನಿಂದ ಎಷ್ಟು ತಿಳಿದೀತು? ಉಪ್ಪುನೀರು ಉಕ್ಕಿನ ಮೇಲ್ಮೈಯನ್ನು ತಿನ್ನುತ್ತದೆ. ಹೋಲಿಕೆಗೆ ಬೇಕಾದ ಗೀರುಗಳು ಇರುವುದೇ ಆ ಮೇಲ್ಮೈಯಲ್ಲಿ. ವರ್ಗ ಲಕ್ಷಣ ಉಳಿದೀತು, ವೈಯಕ್ತಿಕ ಲಕ್ಷಣ ಅಳಿಸಿಹೋದೀತು. ಆಯುಧ ಸಿಕ್ಕರೂ ಅದರ ಗುರುತು ಸಿಗದಿರುವ ಸಾಧ್ಯತೆ ಇಲ್ಲಿ ದೊಡ್ಡದು.

ಕಾನೂನಿನಲ್ಲಿ ಬಂದೂಕಿನ ಸಾಕ್ಷ್ಯ

ಹಳೆಯ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಕಲಂ (2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿ 39ನೇ ಕಲಂ) ತಜ್ಞರ ಅಭಿಪ್ರಾಯಕ್ಕೆ ಮನ್ನಣೆ ಕೊಡುತ್ತದೆ. ಅದು ಅಭಿಪ್ರಾಯ, ನ್ಯಾಯಾಧೀಶರು ಒಪ್ಪಲೇಬೇಕೆಂದಿಲ್ಲ. ಸುಪ್ರೀಂ ಕೋರ್ಟು 1950ರ ಮೊಹಿಂದರ್ ಸಿಂಗ್ ಪ್ರಕರಣದಲ್ಲಿ, ಆರೋಪಿಸಲಾದ ಆಯುಧದಿಂದಲೇ ಗಾಯವಾಗಿದೆಯೆಂದು ತೋರಿಸುವ ಹೊಣೆ ಪ್ರಾಸಿಕ್ಯೂಷನ್ನಿನದು ಎಂದಿತು. ಕಲುವಾ ಪ್ರಕರಣದಲ್ಲಿ, ಆರೋಪಿಯ ಮಾತಿನಂತೆ ಸಿಕ್ಕ ನಾಡಪಿಸ್ತೂಲಿಗೂ ಸ್ಥಳದ ತೋಟಾಕ್ಕೂ ಹೋಲಿಕೆ ಸಾಬೀತಾದದ್ದನ್ನು ಆಧರಿಸಿ ಶಿಕ್ಷೆಯನ್ನು ಎತ್ತಿಹಿಡಿಯಿತು. 1995ರ ಸುಖವಂತ್ ಸಿಂಗ್ ಪ್ರಕರಣದಲ್ಲಿ, ಪಿಸ್ತೂಲೂ ತೋಟಾವೂ ಕೈಯಲ್ಲಿದ್ದು ತಜ್ಞರಿಗೆ ಕಳಿಸದೆ ಹೋದದ್ದನ್ನು ಗಂಭೀರ ಲೋಪವೆಂದು ಪರಿಗಣಿಸಿತು. ಇನ್ನೊಂದೆಡೆ, ನಂಬಲರ್ಹ ನೇತ್ರಸಾಕ್ಷಿ ಇರುವಾಗ ತಜ್ಞರ ವರದಿ ಇಲ್ಲವೆಂಬ ಒಂದೇ ಕಾರಣಕ್ಕೆ ಪ್ರಕರಣ ಬೀಳದು ಎಂಬ ನಿಲುವೂ ನೆಲೆಗೊಂಡಿದೆ.

ಕಲುವಾ ಪ್ರಕರಣದ ಸರಪಳಿಯಲ್ಲಿ ಮೂರು ಕೊಂಡಿಗಳಿದ್ದವು: ತೋಟಾ, ಪಿಸ್ತೂಲು, ಪಿಸ್ತೂಲು ತೋರಿಸಿಕೊಟ್ಟ ಆರೋಪಿ. ಗೌರಿ ಮತ್ತು ಕಲಬುರ್ಗಿ ಪ್ರಕರಣಗಳಲ್ಲಿ ಮಧ್ಯದ ಕೊಂಡಿಯೇ ಇಲ್ಲ. ಪೊಲೀಸರ ಮುಂದೆ ಆರೋಪಿ ಆಡಿದ ಮಾತು ಸಾಮಾನ್ಯ ಕಾನೂನಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಆ ಮಾತಿನಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಹಳೆಯ ಅಧಿನಿಯಮದ 27ನೇ ಕಲಮಿನಡಿ ಬೆಲೆ. ಖಾರಿಗೆ ಎಸೆದೆವು ಎಂದರೂ ಪಿಸ್ತೂಲು ಸಿಗದಿದ್ದರೆ ಹೇಳಿಕೆಗೆ ಆಧಾರವಿಲ್ಲ.

ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ, ಇಲ್ಲಿ ಮಹತ್ವದ್ದಾಗುವುದು ಇದೇ ಕಾರಣಕ್ಕೆ. 2000ದ ಈ ಕಾಯ್ದೆಯಡಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ನಿಯಮಬದ್ಧವಾಗಿ ದಾಖಲಾದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಪರಿಗಣಿಸಬಹುದು. ಆಯುಧವೇ ಇಲ್ಲದ ಪ್ರಕರಣದಲ್ಲಿ ಆಯುಧದ ಕಥೆ ಹೇಳಬಲ್ಲದ್ದು ಅಂಥ ಹೇಳಿಕೆ. ಆರೋಪಿಯೊಬ್ಬನ ವಿರುದ್ಧ ಕೋಕಾ ಹೇರಿದ್ದನ್ನು ಹೈಕೋರ್ಟು 2021ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಗೌರಿಯವರ ಸಹೋದರಿ, ಚಿತ್ರ ನಿರ್ದೇಶಕಿ ಕವಿತಾ ಲಂಕೇಶ್ ಮೇಲ್ಮನವಿ ಹೋದರು. ಅದೇ ವರ್ಷದ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು.

ಗೌರಿ ಪ್ರಕರಣದ ಉಳಿದ ಸಾಕ್ಷ್ಯ

ಬಿ. ಕೆ. ಸಿಂಗ್ ನೇತೃತ್ವದ, ಎಂ. ಎನ್. ಅನುಚೇತ್ ತನಿಖಾಧಿಕಾರಿಯಾಗಿದ್ದ ಎಸ್‌ಐಟಿ ಬಂದೂಕಿನ ಹೋಲಿಕೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಮೊದಲ ಸುಳಿವು ಸಿಕ್ಕಿದ್ದು ಆಯುಧದಿಂದಲ್ಲ, ತೋಟಾದಿಂದ. 2018ರ ಫೆಬ್ರುವರಿಯಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಬಳಿ ಜೀವಂತ ತೋಟಾಗಳೊಂದಿಗೆ ಸಿಕ್ಕಿಬಿದ್ದ ಮದ್ದೂರಿನ ಒಬ್ಬನ ವಿಚಾರಣೆಯಿಂದ ತನಿಖೆ ಮುಂದಕ್ಕೆ ಸಾಗಿತು. ಆ ವರ್ಷದ ನವೆಂಬರ್‌ನಲ್ಲಿ ಸಲ್ಲಿಸಿದ 9,235 ಪುಟಗಳ ಹೆಚ್ಚುವರಿ ದೋಷಾರೋಪ ಪಟ್ಟಿಯಲ್ಲಿ ಒಟ್ಟು 18 ಆರೋಪಿಗಳಿದ್ದರು.

ಗುಂಡಿನ ಹೋಲಿಕೆ ಬಿಟ್ಟ ಜಾಗವನ್ನು ತುಂಬಲು ತಂಡ ಬೇರೆ ವಿಜ್ಞಾನಗಳ ಮೊರೆ ಹೋಯಿತು. ಗೌರಿ ಮನೆಯ ಸಿಸಿಟಿವಿಯಲ್ಲಿ ಸೆರೆಯಾದ ಹೆಲ್ಮೆಟ್‌ಧಾರಿಯ ನಡಿಗೆಯನ್ನು, ಆರೋಪಿಯನ್ನು ನಡೆಸಿ ತೆಗೆದ ಮರುಚಿತ್ರಣದೊಂದಿಗೆ ಗಾಂಧಿನಗರದ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಲಾಯಿತು. ಆರೋಪಿಯೊಬ್ಬನ ಡೈರಿಯ ಸಂಕೇತ ಬರಹ, ಮೊಬೈಲ್ ದಾಖಲೆ, ತಂಗಿದ್ದ ಮನೆಗಳಲ್ಲಿ ಸಿಕ್ಕ ವಸ್ತುಗಳೂ ಕಡತಕ್ಕೆ ಸೇರಿದವು. ನಡಿಗೆಯ ವಿಶ್ಲೇಷಣೆ ಗುಂಡಿನ ಹೋಲಿಕೆಗಿಂತ ಹೊಸ ವಿದ್ಯೆ. ಅದರ ನಿಖರತೆಯೂ ಪಾಟೀಸವಾಲಿಗೆ ಒಳಪಡುವಂಥದ್ದೇ.

ವೈಜ್ಞಾನಿಕ ವಿಮರ್ಶೆ

ಆಯುಧ ಹೋಲಿಕೆಯ ವಿಜ್ಞಾನ ಎಷ್ಟು ಗಟ್ಟಿ ಎಂಬ ಪ್ರಶ್ನೆ ಈ ಶತಮಾನದಲ್ಲಿ ಅಮೆರಿಕದಲ್ಲೇ ಬಲವಾಗಿ ಎದ್ದಿತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2009ರ ವರದಿ, ಎಷ್ಟು ಗೀರು ಹೊಂದಿದರೆ 'ಒಂದೇ ಆಯುಧ' ಎನ್ನಬಹುದು ಎಂಬುದಕ್ಕೆ ಖಚಿತ ನಿಯಮವಿಲ್ಲ, ಅದು ತಜ್ಞರ ಸ್ವಂತ ಅಂದಾಜಿನ ಮೇಲೆ ನಿಂತಿದೆ ಎಂದಿತು. ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯ 2016ರ ವರದಿ, ಸರಿಯಾದ ವಿನ್ಯಾಸದಲ್ಲಿ ನಡೆದ ಅಧ್ಯಯನ ಒಂದೇ ಒಂದಿದೆ, ಅದರಲ್ಲಿ ತಪ್ಪು ಹೊಂದಾಣಿಕೆಯ ಪ್ರಮಾಣ ಸುಮಾರು 66ರಲ್ಲಿ 1 ಎಂದು ಲೆಕ್ಕ ಹಾಕಿತು. ಆ ಅಧ್ಯಯನದಲ್ಲಿ ಬಳಸಿದ್ದು ಕಾರ್ಖಾನೆಯಲ್ಲಿ ಅಚ್ಚುಕಟ್ಟಾಗಿ ತಯಾರಾದ ಪಿಸ್ತೂಲುಗಳನ್ನು. ಮುಂಗೇರ್ ಮಾದರಿಯ ಕೈಕೆಲಸದ ಪಿಸ್ತೂಲಿಗೆ ಆ ಅಂಕಿಯನ್ನು ನೇರವಾಗಿ ಅನ್ವಯಿಸಲಾಗದು. ತಪ್ಪು ಅದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು.

ಪೂರ್ವಗ್ರಹವೂ ವಿಮರ್ಶೆಯ ಮುಖ್ಯ ವಿಷಯ. ಎರಡು ಕೊಲೆಗಳ ಹಿಂದೆ ಒಂದೇ ಕೈಯಿದೆ ಎಂದು ಜಗತ್ತೇ ಮಾತಾಡುತ್ತಿರುವಾಗ ಪರೀಕ್ಷೆಗೆ ಕುಳಿತವರು ಆ ಮಾತಿನಿಂದ ಹೊರಗಿರುವುದು ಕಷ್ಟ. ಯಾವ ತೋಟಾ ಯಾವ ಪ್ರಕರಣದ್ದೆಂದು ತಿಳಿಸದೆ, ಸಂಬಂಧವಿಲ್ಲದ ಬೇರೆ 7.65 ತೋಟಾಗಳನ್ನೂ ಬೆರೆಸಿ, ಇಬ್ಬರು ತಜ್ಞರಿಂದ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸುವುದು ಇದಕ್ಕೆ ಒಪ್ಪಿತ ಪರಿಹಾರ. ಹಾಗೆ ಮೂಡಿದ ಹೊಂದಾಣಿಕೆಯನ್ನು ಅಲುಗಾಡಿಸುವುದು ಸುಲಭವಲ್ಲ.

ಹೋಲುವ ಪ್ರಕರಣಗಳು

ಆಯುಧ ಕೈಯಲ್ಲಿದ್ದರೂ ವಿವಾದ ತಪ್ಪದು. ಗಾಂಧೀಜಿಯವರ ಹತ್ಯೆಯಲ್ಲಿ (1948) ಬೆರೆಟ್ಟಾ ಪಿಸ್ತೂಲು ಸ್ಥಳದಲ್ಲೇ ಸಿಕ್ಕಿತ್ತು. ಆದರೂ ಏಳು ದಶಕಗಳ ನಂತರ, ನಾಲ್ಕನೆಯ ಗುಂಡೊಂದು ಹಾರಿತ್ತು ಎಂಬ ವಾದದೊಂದಿಗೆ ಮರುತನಿಖೆ ಕೋರಿದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ಹಿರಿಯ ವಕೀಲ ಅಮರೇಂದ್ರ ಶರಣ್ ಅವರ ವರದಿ ಪಡೆದು ನ್ಯಾಯಾಲಯ 2018ರ ಮಾರ್ಚ್‌ನಲ್ಲಿ ಅದನ್ನು ವಜಾ ಮಾಡಿತು. ರಾಬರ್ಟ್ ಕೆನಡಿ ಹತ್ಯೆಯಲ್ಲಿ (ಲಾಸ್ ಏಂಜಲೀಸ್, 1968) ಎಂಟು ಗುಂಡಿನ ರಿವಾಲ್ವರ್ ಆರೋಪಿಯ ಕೈಯಿಂದಲೇ ಕಸಿಯಲ್ಪಟ್ಟಿತ್ತು. ಮೊದಲ ಪರೀಕ್ಷೆಯ ಬಗ್ಗೆ ಅನುಮಾನಗಳೆದ್ದು 1975ರಲ್ಲಿ ಏಳು ತಜ್ಞರು ಮತ್ತೆ ಪರಿಶೀಲಿಸಿದಾಗ, ಗುಂಡುಗಳು ಅದೇ ರಿವಾಲ್ವರಿನವೆಂದು ಖಚಿತವಾಗಿ ಹೇಳಲು ಅವರಿಗೆ ಆಗಲಿಲ್ಲ. ಎರಡನೆಯ ಬಂದೂಕಿತ್ತು ಎನ್ನುವುದಕ್ಕೂ ಆಧಾರ ಸಿಗಲಿಲ್ಲ.

ಗೌರಿ, ಕಲಬುರ್ಗಿ ಪ್ರಕರಣಗಳಿಗೆ ಹೆಚ್ಚು ಹತ್ತಿರವಾದದ್ದು ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆ ಅವರ ಹತ್ಯೆ (1986). ಸ್ಟಾಕ್‌ಹೋಮ್‌ನ ಬೀದಿಯಲ್ಲಿ ಎರಡು ಗುಂಡುಗಳು ದಾರಿಹೋಕರಿಗೆ ಸಿಕ್ಕವು. ರಿವಾಲ್ವರ್ ಸಿಗಲಿಲ್ಲ. ನೂರಾರು ರಿವಾಲ್ವರ್‌ಗಳಿಂದ ಪರೀಕ್ಷಾರ್ಥ ಗುಂಡು ಹಾರಿಸಿದರೂ ಹೊಂದಾಣಿಕೆ ಮೂಡಲಿಲ್ಲ. 2020ರಲ್ಲಿ ತನಿಖೆಗೆ ತೆರೆ ಎಳೆದಾಗಲೂ ಆಯುಧ ಪತ್ತೆಯಾಗಿರಲಿಲ್ಲ. ಅಲ್ಲಿನ ಗುಂಡುಗಳಿಗೆ ಹೊಂದಿದ ಇನ್ನೊಂದು ಅಪರಾಧ ಸ್ಥಳವೂ ಸಿಗಲಿಲ್ಲ. ಧಾರವಾಡ–ಬೆಂಗಳೂರಿನ ತನಿಖೆಗೆ ಆ ಒಂದು ಅನುಕೂಲವಿತ್ತು.

ದಾಭೋಲ್ಕರ್ ತೀರ್ಪು ಮತ್ತು ಕರ್ನಾಟಕದ ವಿಚಾರಣೆಗಳು

ನಾಲ್ಕು ಪ್ರಕರಣಗಳಲ್ಲಿ ಮೊದಲು ತೀರ್ಪು ಬಂದದ್ದು ದಾಭೋಲ್ಕರ್ ಪ್ರಕರಣದಲ್ಲಿ. ಪುಣೆಯ ವಿಶೇಷ ನ್ಯಾಯಾಲಯ 2024ರ ಮೇ 10ರಂದು ಸಚಿನ್ ಅಂದುರೆ ಮತ್ತು ಶರದ್ ಕಳಸ್ಕರ್ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸಂಚಿನ ಆರೋಪಿ ಮತ್ತು ಆಯುಧ ನಾಶಕ್ಕೆ ಸಲಹೆ ಕೊಟ್ಟನೆಂದು ಆಪಾದಿತನಾಗಿದ್ದ ವಕೀಲ ಸೇರಿದಂತೆ ಉಳಿದ ಮೂವರನ್ನು ಬಿಡುಗಡೆ ಮಾಡಿತು. ಗುಂಡು ಹಾರಿಸಿದವರ ಮೇಲಿನ ತೀರ್ಪಿಗೆ ಮುಖ್ಯ ಆಧಾರವಾದದ್ದು ಅಂದು ಬೆಳಿಗ್ಗೆ ಸೇತುವೆಯ ಬಳಿ ಇದ್ದು ಅವರನ್ನು ಗುರುತಿಸಿದ ನೇತ್ರಸಾಕ್ಷಿಗಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಚರ್ಚೆಯಾದ ತೋಟಾಗಳ ಹೋಲಿಕೆಯಾಗಲಿ, ಖಾರಿಯ ಶೋಧವಾಗಲಿ ಶಿಕ್ಷೆಯ ಬುನಾದಿಯಾಗಲಿಲ್ಲ.

ಗೌರಿ ಪ್ರಕರಣದ ಸಾಕ್ಷಿ ವಿಚಾರಣೆ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ 2022ರ ಜುಲೈನಲ್ಲಿ ಶುರುವಾಯಿತು. ವಿಚಾರಣೆ ಬೇಗ ಮುಗಿಯುವಂತಿಲ್ಲವೆಂಬ ಕಾರಣದಿಂದ 2023ರ ಡಿಸೆಂಬರ್‌ನಿಂದ 2025ರ ಆರಂಭದ ಹೊತ್ತಿಗೆ ಬಹುತೇಕ ಆರೋಪಿಗಳಿಗೆ ಜಾಮೀನು ಸಿಕ್ಕಿತು. ಆರೋಪಿಗಳು ತಮ್ಮ ಮೇಲಿನ ಆರೋಪಗಳನ್ನು ಅಲ್ಲಗಳೆದಿದ್ದಾರೆ. ಕಲಬುರ್ಗಿ ಪ್ರಕರಣದಲ್ಲಿ ಕೊಲೆಗಾರನನ್ನು ಮನೆಬಾಗಿಲಲ್ಲಿ ಹತ್ತಿರದಿಂದ ಕಂಡ ಸಾಕ್ಷಿ ಇರುವುದರಿಂದ ಆಯುಧದ ಕೊರತೆ ಅಷ್ಟಾಗಿ ಬಾಧಿಸದು. ಗೌರಿ ಪ್ರಕರಣದ ಕೊಲೆಗಾರನ ಮುಖ ಹೆಲ್ಮೆಟ್ಟಿನೊಳಗಿತ್ತು. ಹೀಗಾಗಿ ಅಲ್ಲಿ ಗುಂಡಿನ ಹೋಲಿಕೆ ಎರಡು ಕೊಲೆಗಳ ಹಿಂದೆ ಒಂದೇ ಗುಂಪಿತ್ತೆಂಬ ವಾದಕ್ಕೆ ಬಲ ಕೊಡುತ್ತದೆ. ಗುಂಡು ಹಾರಿಸಿದ್ದು ಯಾರು ಎಂಬುದನ್ನು ನಡಿಗೆಯ ವಿಶ್ಲೇಷಣೆ, ತಪ್ಪೊಪ್ಪಿಗೆ ಮತ್ತು ಸಾಂದರ್ಭಿಕ ಸಾಕ್ಷ್ಯಗಳಿಂದಲೇ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಾಗಿದೆ.